ಚನ್ನಬಸಪ್ಪನ ಬಾಯಲ್ಲಿ ನನ್ನ ಇಂಗ್ಲಿಷು

ಬ್ರಿಟನ್ ದೇಶದ ಟೆಲಿವಿಷನ್ನಿನವರು ನನಗೆ ಅನ್ಯಾಯ ಮಾಡಿದ್ದಾರೆ. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲವಾದ್ದರಿಂದ ಅನ್ಯಾಯದ ಸ್ವರೂಪವನ್ನು ಮೊದಲೇ ತಿಳಿಸಿಬಿಡುತ್ತೇನೆ. ಹಂಪಿಯ ಬಿಸಿಲಿನಲ್ಲಿ ಉಣ್ಣೆಯ ಕೋಟು ತೊಟ್ಟು ನಿಂತು, ಶುದ್ಧವಾದ ಇಂಗ್ಲಿಷಿನಲ್ಲಿ ನಾನು ಆಡಿದ ಮಾತುಗಳನ್ನು ಅವರು ಕತ್ತರಿಸಿಕೊಂಡು ಹೋಗಿ, ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ಚನ್ನಬಸಪ್ಪನ ಮುಖಕ್ಕೆ ಅಂಟಿಸಿದ್ದಾರೆ. ಆ ಮುಖ ಆ ಹೊತ್ತಿನಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿತ್ತು. ಹೀಗಾಗಿ ಬ್ರಿಟನ್ನಿನ ಪ್ರಜೆಗಳು ಒಂದು ಸಂಜೆ ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ಬಾಯಿ ತುಂಬ ಬಜ್ಜಿ ಇಟ್ಟುಕೊಂಡು ವಿಜಯನಗರದ ಕಾಲುವೆಗಳ ಬಗ್ಗೆ ತಡವರಿಸದೆ ಉಪನ್ಯಾಸ ಕೊಡುವ ಒಬ್ಬ ವಿಚಿತ್ರ ಮನುಷ್ಯನನ್ನು ನೋಡಿದ್ದಾರೆ. ಅಂಥ ಮನುಷ್ಯ ಹೊಸಪೇಟೆ ತಾಲ್ಲೂಕಿನಲ್ಲಿ ಎಂದೂ ಇರಲಿಲ್ಲ, ಈಗಲೂ ಇಲ್ಲ.

ಅನ್ಯಾಯ ನಡೆದದ್ದು ನಾಲ್ಕು ದಶಕಗಳ ಹಿಂದೆ. ನನಗೆ ತಿಳಿದದ್ದು ಮೊನ್ನೆ ಭಾನುವಾರ. ಇಷ್ಟು ಹಳೆಯದನ್ನು ಮರೆತುಬಿಡಬಾರದೆ ಎಂದು ಓದುಗರು ಕೇಳಬಹುದು. ನಾನು ಮರೆಯುವ ಜಾತಿಯವನಲ್ಲ. ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನಲ್ಲಿದ್ದಾಗ ಪಕ್ಕದ ಮನೆಯವರು ನನ್ನ ಕೊಡೆಯನ್ನು ಒಯ್ದು, ಒಂದು ಕಡ್ಡಿ ಮುರಿದು, ಮುರಿದ ಮಗ್ಗುಲನ್ನು ಜಾಣತನದಿಂದ ಒಳಮಡಿಕೆಗೆ ಸೇರಿಸಿ ಹಿಂದಿರುಗಿಸಿದ್ದು ನನಗೆ ಇವತ್ತಿಗೂ ನೆನಪಿದೆ. ನಮ್ಮ ಅತ್ತೆಯ ಮನೆಯಲ್ಲಿ ಮೊದಲ ದೀಪಾವಳಿಯಂದು ಎಲ್ಲ ಅಳಿಯಂದಿರಿಗೂ ಚಿತ್ರಾನ್ನ ಬಡಿಸಿ, ನನ್ನ ಎಲೆಗೆ ಬರುವಷ್ಟರಲ್ಲಿ ಅದರೊಳಗಿನ ಶೇಂಗಾ ಖಾಲಿಯಾಗಿತ್ತೆಂಬುದೂ ನೆನಪಿದೆ. ಬಿಡಿ, ಅದು ಬೇರೆ ವಿಷಯ.

ಈ ವಿಷಯ ಹೊರಬಿದ್ದದ್ದು ಮೇಲ್ಕಾಣಿಸಿದ ಕೋಟಿನಿಂದ. ನನ್ನ ಸೊಸೆ ವಿದ್ಯಾ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರು. ವಾರದ ರಜೆಯ ದಿನ ಸುಮ್ಮನೆ ಕೂರುವುದು ಅವಳಿಗೆ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಯಂತ್ರ ಬಿಚ್ಚಿದ ಹಾಗೆ ಮನೆಯಲ್ಲಿ ಟ್ರಂಕು ಬಿಚ್ಚುತ್ತಾಳೆ. ಹಾಗೆ ಬಿಚ್ಚಿದಾಗ ನುಸಿಗುಳಿಗೆಯ ವಾಸನೆಯೊಂದಿಗೆ ಕೋಟು ಮೇಲೆದ್ದಿತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮಾವ, ನಮ್ಮೂರಾಗ ಉಣ್ಣಿ ಕೋಟು ಯಾವ ತಿಂಗಳದಾಗ ಹಾಕ್ಕೊಳ್ಳೋದ್ರಿ?" ಎಂದು ಕೇಳಿದಳು.

ಪ್ರಶ್ನೆ ನ್ಯಾಯವಾದದ್ದೇ. ಬೇಸಿಗೆಯಲ್ಲಿ ಬಂಡೆಗಳು ಬೆಳಗಿನ ಕಾಫಿಗೆ ಮುಂಚೆಯೇ ಕಾಯುವ ಊರು ನಮ್ಮದು. ಆ ಕೋಟು ನನ್ನ ಮದುವೆಯಲ್ಲಿ ಮಾವನವರು ಕೊಟ್ಟದ್ದು. ಅವರ ಸ್ವಂತ ತಮ್ಮನಿಗೆಂದು ಹೊಲಿಸಿ, ಆತ ಒಲ್ಲೆನೆಂದ ಮೇಲೆ ನನಗೆ ಬಂದದ್ದೆಂದು ಮದುವೆಯಾದ ಮೇಲೆ ಗೊತ್ತಾಯಿತು. ತೋಳುಗಳು ಇಂದಿಗೂ ನನ್ನ ಬೆರಳ ತುದಿಯವರೆಗೆ ಬರುತ್ತವೆ. ಇದನ್ನು ಜನ್ಮದಲ್ಲಿ ಒಂದೇ ಸಲ ತೊಟ್ಟದ್ದು, ಬ್ರಿಟನ್ನಿಗಾಗಿ, ಎಂದು ನಾನು ವಿದ್ಯಾಳಿಗೆ ಹೇಳಿದೆ. ಒಳಗಿನಿಂದ ನನ್ನ ಹೆಂಡತಿ ಪದ್ಮಾವತಿ, "ಸುರು ಆತು," ಎಂದಳು. ಆದರೂ ನಾನು ಹೇಳಿದೆ.

ಆಗ ನಾನು ಡ್ಯಾಂನ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಬ್ರಿಟನ್ನಿನಿಂದ ಒಂದು ಟೆಲಿವಿಷನ್ ತಂಡ ಹಂಪಿಗೆ ಬಂದಿತ್ತು. ಹಳೆಯ ಕಾಲುವೆಗಳ ಕುರಿತು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಬಲ್ಲವರು ಬೇಕೆಂದು ಅವರು ಕೇಳಿದಾಗ, ನಮ್ಮ ಸಾಹೇಬರು ನನ್ನನ್ನು ಕಳಿಸಿದರು. ಇದರ ಮಹತ್ವವನ್ನು ಓದುಗರು ತಿಳಿಯಬೇಕು. ಗುಮಾಸ್ತನೆಂದರೆ ಏನು? ಜೀವಮಾನವೆಲ್ಲ ಕರಡು ಬರೆಯುವವನು. ವಾಕ್ಯ ನನ್ನದು, ಅಲ್ಪವಿರಾಮ ನನ್ನದು, ಕೆಳಗಿನ ಸಹಿ ಇನ್ನೊಬ್ಬರದು. ನಾನು ಬರೆದ ಚಂದದ ವಾಕ್ಯಗಳು ಎಷ್ಟೋ ಸಾಹೇಬರುಗಳ ಹೆಸರಿನಲ್ಲಿ ಬೆಂಗಳೂರಿಗೆ ಹೋಗಿವೆ. ಒಂದಾದರೂ ನನ್ನ ಹೆಸರು ಹೊತ್ತು ಹೊರಟಿದ್ದಿಲ್ಲ. ಈ ಒಂದು ಸಲ ಮಾತೂ ನನ್ನದು, ಬಾಯಿಯೂ ನನ್ನದು, ಮೇಲಾಗಿ ಹೋಗುವುದು ಸಮುದ್ರದಾಚೆಗೆ. ಆ ವಾರವೆಲ್ಲ ಅಡಿಗೆಮನೆಯ ಬಾಗಿಲಲ್ಲಿ ನಿಂತು ಉರು ಹೊಡೆದೆ. ಪದ್ಮಾವತಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೇಳಿದಳು. ಮುಗಿದ ಮೇಲೆ ಅವಳ ಅಭಿಪ್ರಾಯ: "ಎಲ್ಲಾ ಛಲೋ ಅದರಿ. ನಡುನಡುವ ಉಸಿರು ತಗೋರಿ."

ಆ ಮಾತುಗಳಲ್ಲಿ ಒಂದು ನನಗೆ ಅಚ್ಚುಮೆಚ್ಚಿನದಾಗಿತ್ತು. ಈ ನೀರು ರಾಜರನ್ನು ಕಂಡಿದೆ, ಸೈನ್ಯಗಳನ್ನು ಕಂಡಿದೆ, ಇಂದು ನನ್ನನ್ನು ಕಾಣುತ್ತಿದೆ ಎಂಬುದು ಅದರ ಕನ್ನಡ. 'ನನ್ನನ್ನು' ಎಂಬಲ್ಲಿ ಎದೆಯ ಮೇಲೆ ಕೈಯಿಡಬೇಕೆಂದು ಗೊತ್ತುಮಾಡಿಕೊಂಡಿದ್ದೆ.

ಚನ್ನಬಸಪ್ಪ ಇದರೊಳಗೆ ಬಂದದ್ದು ಅವನ ಮೋಟಾರ್ ಸೈಕಲ್ಲಿನಿಂದ. ಹೊಸಪೇಟೆಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವನು ಕಂಪ್ಲಿಯಲ್ಲಿ ಅಪ್ಪನ ಗಿರಣಿ ಹಿಡಿದ, ನಾನು ಕಚೇರಿ ಹಿಡಿದೆ. ಬಸ್ಸಿನಲ್ಲಿ ಹೋದರೆ ಕೋಟು ಮುದುಡುತ್ತದೆಂದು ಅವನ ಬೆನ್ನಿಗೆ ಕುಳಿತು ಹೋದೆ. ನನ್ನನ್ನು ಬಿಟ್ಟು ಹಿಂದಿರುಗುವುದು ಎಂದು ಒಪ್ಪಂದವಾಗಿತ್ತು. ಆದರೆ ಅವನು ಕಮಲಾಪುರದಲ್ಲಿ ಗಾಡಿ ನಿಲ್ಲಿಸಿ ಒಂದು ದೊಡ್ಡ ಪೊಟ್ಟಣ ಒಗ್ಗರಣಿ-ಮಿರ್ಚಿ ಕಟ್ಟಿಸಿಕೊಂಡ. ಒಗ್ಗರಣಿ ಎಂದರೆ ನಮ್ಮ ಕಡೆಯ ಮಂಡಕ್ಕಿ, ಮಿರ್ಚಿ ಎಂದರೆ ಸದರಿ ಬಜ್ಜಿ. ಬಿಸಿ ಆರುವ ಮುನ್ನ ತಿನ್ನಲೇಬೇಕೆಂದು ಹೇಳಿ, ಕಾಲುವೆಯ ದಡದ ಬೇವಿನ ಮರದ ನೆರಳಿನಲ್ಲಿ, ನನ್ನಿಂದ ನಾಲ್ಕು ಮಾರು ದೂರದಲ್ಲಿ ಒಂದು ಕಲ್ಲಿನ ಮೇಲೆ ಕುಳಿತ. ನೆರಳು ಅವನಿಗೆ, ಬಿಸಿಲು ನನಗೆ.

ತಂಡದಲ್ಲಿ ಮೂವರಿದ್ದರು. ಟೊಪ್ಪಿಗೆಯವನು ಯಜಮಾನ. ಕೆಂಪು ಕೂದಲಿನವನು ಕ್ಯಾಮೆರಾದವನು. ಒಬ್ಬ ಹೆಣ್ಣುಮಗಳು ಕೋಲಿನ ತುದಿಗೆ ಅಳಿಲು ಕಟ್ಟಿದಂತಿದ್ದ ಒಂದು ರೋಮದ ಮೈಕನ್ನು ನನ್ನ ಗಲ್ಲದ ಕೆಳಗೆ ಹಿಡಿದಿದ್ದಳು. ನಾನು ಬಾಯಿ ತೆರೆದೊಡನೆ ಆಡುಗಳು ಬಂದವು, ನಿಲ್ಲಿಸಿದರು. ಮತ್ತೆ ತೆರೆದೆ, ಐಸ್ ಕ್ಯಾಂಡಿಯವನ ಗಂಟೆ. ಮೂರನೆಯ ಸಲ 'ಸೈನ್ಯಗಳನ್ನು ಕಂಡಿದೆ' ಎನ್ನುವವರೆಗೆ ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ಚನ್ನಬಸಪ್ಪನಿಗೆ ಖಾರ ನೆತ್ತಿಗೇರಿ ಬಿಕ್ಕಳಿಕೆ ಬಂತು. ಅವರು ಕ್ಯಾಮೆರಾಕ್ಕೆ ಕೊಡೆ ಹಿಡಿದರು, ನನಗೆ ಹಿಡಿಯಲಿಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮೊದಲು ಚನ್ನಬಸಪ್ಪನಿಗೆ ಕೊಟ್ಟರು, ಬಿಕ್ಕಳಿಕೆಗೆಂದು. ನಡುನಡುವೆ ಕೆಂಪು ಕೂದಲಿನವನು ಕ್ಯಾಮೆರಾವನ್ನು ಅವನ ಕಡೆ ತಿರುಗಿಸುತ್ತಿದ್ದುದನ್ನೂ ನಾನು ಗಮನಿಸಿದ್ದೆ. ಗಮನಿಸಿಯೂ ಮರದ ಚಿತ್ರ ತೆಗೆಯುತ್ತಿದ್ದಾನೆಂದು ಒಳ್ಳೆಯ ಮನಸ್ಸಿನಿಂದ ಭಾವಿಸಿದೆ. ಕೊನೆಗೂ ನಾನು ಎದೆಯ ಮೇಲೆ ಕೈಯಿಟ್ಟು ಮಾತು ಪೂರೈಸಿದೆ. ಟೊಪ್ಪಿಗೆಯವನು ನನ್ನ ಕೈಕುಲುಕಿ, ಪ್ರಸಾರವಾಗುವ ದಿನ ತಪ್ಪದೆ ತಿಳಿಸುತ್ತೇವೆಂದ. ತಿಳಿಸಲಿಲ್ಲ.

ಅಂದಿನಿಂದ ನಾನು ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ಬಂದಿದ್ದೇನೆಂದು ಹೇಳುತ್ತ ಬಂದೆ. ಚನ್ನಬಸಪ್ಪ, ಬಂದದ್ದು ತಾನೆಂದು ಹೇಳುತ್ತ ಬಂದ. ಕ್ಯಾಮೆರಾ ತನ್ನನ್ನೇ ನುಂಗುವಂತೆ ನೋಡುತ್ತಿತ್ತಂತೆ. ನನ್ನನ್ನು ಮಾತಾಡಿಸಿದ್ದು ಬರೀ ಮರ್ಯಾದೆಗಂತೆ. ನಮ್ಮ ಹೈಸ್ಕೂಲಿನ ಗೆಳೆಯರು ವರ್ಷಕ್ಕೊಮ್ಮೆ ಒಬ್ಬೊಬ್ಬರ ಊರಿನಲ್ಲಿ ಕೂಡಿ ಉಣ್ಣುತ್ತೇವೆ. ಪ್ರತಿ ವರ್ಷ ಪಲ್ಯ ಬಡಿಸುವ ಹೊತ್ತಿಗೆ ಈ ವಾದ ಎದ್ದು, ಮಜ್ಜಿಗೆಯವರೆಗೂ ಮುಗಿಯುತ್ತಿರಲಿಲ್ಲ. ಕಳೆದ ವರ್ಷ ಕಂಪ್ಲಿಯಲ್ಲಿ ಗೆಳೆಯರೆಲ್ಲ ಬೇಸತ್ತು ತೀರ್ಮಾನಕ್ಕೆ ಬಂದರು: ಮುಂದಿನ ಕೂಟ ಸಂಡೂರಿನಲ್ಲಿ, ಅಷ್ಟರೊಳಗೆ ಇತ್ಯರ್ಥವಾಗಬೇಕು. ಯಾರು ಬಂದಿಲ್ಲವೆಂದು ಗೊತ್ತಾಗುತ್ತದೋ ಅವನು ಊಟಕ್ಕೆ ಮೊದಲು ಎಲ್ಲರೆದುರು ಎದ್ದು ನಿಂತು, "ಟಿ.ವಿ.ಯೊಳಗ ಬಂದಾಂವ ಅವನು, ನಾನಲ್ಲ" ಎಂದು ಹೇಳಿ ಕೂರಬೇಕು, ಮತ್ತೆಂದೂ ಈ ಮಾತೆತ್ತಬಾರದು. ನಾವಿಬ್ಬರೂ ಒಪ್ಪಿದೆವು. ಚನ್ನಬಸಪ್ಪ ನಗುತ್ತ ಒಪ್ಪಿದ. ನಾನು ನಗಲಿಲ್ಲ. ಆ ಒಂದು ಮಧ್ಯಾಹ್ನವನ್ನು ನನ್ನಿಂದ ತೆಗೆದುಬಿಟ್ಟರೆ, ಮಿಕ್ಕಿದ್ದೆಲ್ಲ ಬೇರೆಯವರ ಸಹಿಯೇ.

ಇಷ್ಟನ್ನು ಕೋಟು ಹಿಡಿದುಕೊಂಡೇ ಕೇಳಿಸಿಕೊಂಡ ವಿದ್ಯಾ, ಅಂದು ಸಂಜೆಯಿಂದ ಇಂಟರ್ನೆಟ್ಟಿನಲ್ಲಿ ಹುಡುಕತೊಡಗಿದಳು. ಕೆಲವು ವಾರಗಳ ನಂತರ ಒಂದು ದಿನ ಪಾಳಿ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮುನ್ನವೇ, "ಮಾವ, ಸಿಕ್ತು," ಎಂದಳು. ಬ್ರಿಟನ್ನಿನಲ್ಲಿ ಒಬ್ಬ ಮಹಾನುಭಾವ ಆ ಕಾಲದಲ್ಲಿ ಒಂದು ಚಾನೆಲ್ಲಿನ ಒಂದು ಇಡೀ ದಿನವನ್ನು, ಬೆಳಗಿನಿಂದ ಮುಚ್ಚುವವರೆಗೆ, ಒಂದನ್ನೂ ಬಿಡದೆ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟುಕೊಂಡಿದ್ದನಂತೆ. ಈಗ ಎಲ್ಲರೂ ನೋಡಲೆಂದು ಹಾಕಿದ್ದಾನಂತೆ. ಆ ದಿನದಲ್ಲಿ ಹಂಪಿಯ ಮೇಲೊಂದು ಕಾರ್ಯಕ್ರಮವೂ ಇದೆಯೆಂದು ನೋಡಿದವರಾರೋ ಕೆಳಗೆ ಬರೆದಿದ್ದರು. ಎಷ್ಟು ಹೊತ್ತಿಗೆ ಎಂದು ಬರೆದಿರಲಿಲ್ಲ. ಏನನ್ನೂ ಬಿಡದೆ ಇಟ್ಟುಕೊಳ್ಳುವ ಮನುಷ್ಯ ಆ ದೇಶದಲ್ಲೂ ಒಬ್ಬನಿದ್ದಾನೆಂದು ತಿಳಿದು ನನಗೆ ಅವನ ಮೇಲೆ ಗೌರವ ಹುಟ್ಟಿತು.

ವಿದ್ಯಾ, ಮುಂದಕ್ಕೆ ಓಡಿಸಿ ಒಂದು ನಿಮಿಷದಲ್ಲಿ ಹುಡುಕಿಕೊಡುತ್ತೇನೆಂದಳು. ನಾನು ಬೇಡವೆಂದೆ. ನಮ್ಮಲ್ಲಿ ಪಾರಾಯಣಕ್ಕೆ ಕುಳಿತರೆ ಅಧ್ಯಾಯ ಹಾರಿಸುವ ಪದ್ಧತಿಯಿಲ್ಲ, ಹಾರಿಸಿದರೆ ಫಲವಿಲ್ಲ. ಫೋನಿನಲ್ಲಿ ಕೇಳಿದರೆ ಚನ್ನಬಸಪ್ಪನದೂ ಅದೇ ಮಾತು, ಕಾರಣ ಮಾತ್ರ ಬೇರೆ. "ಬಯಲಾಟಕ್ಕ ಹೋದಾಂವ ಗಣಪತಿ ಪೂಜೆಯಿಂದ ಕುಂದ್ರಬೇಕಲೇ," ಎಂದ. "ನಡುವ ಓಡಿಸಿದ್ರ ನನ್ನ ಮುಖ ಅಲ್ಲೇ ಹಾರಿ ಹೋಗಿರ್ತೈತಿ. ನಿನ್ನ ನಾ ನಂಬಂಗಿಲ್ಲ." ನಾನೂ ಅವನನ್ನು ನಂಬುವುದಿಲ್ಲವೆಂದು ತಿಳಿಸಿದೆ. ಹೀಗೆ ಪರಸ್ಪರ ಅವಿಶ್ವಾಸದ ಬುನಾದಿಯ ಮೇಲೆ, ಚಿತ್ತವಾಡ್ಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಬ್ರಿಟನ್ನಿನ ಒಂದು ಸಂಪೂರ್ಣ ದಿನವನ್ನು ನೋಡುವುದೆಂದು ಗೊತ್ತಾಯಿತು.

ಭಾನುವಾರ ಬೆಳಗ್ಗೆ ಚನ್ನಬಸಪ್ಪ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ, ಹಣೆಗೆ ವಿಭೂತಿ ಧರಿಸಿ, ಮೀಸೆಗೆ ಕಪ್ಪು ತೀಡಿಕೊಂಡು ಬಂದ.

"ಕನ್ಯಾ ನೋಡ್ಲಿಕ್ಕೆ ಬಂದಂಗ ಬಂದೀರಲ್ರಿ, ಬಸಪ್ಪನೋರೆ," ಎಂದಳು ಪದ್ಮಾವತಿ.

"ಇವತ್ತು ನನ್ನ ಮುಖ ನಾನ ನೋಡಾಕ ಬಂದೀನಿ, ವೈನಿ. ಅದಕ್ಕೂ ಒಂದು ಮರ್ಯಾದಿ ಬ್ಯಾಡೇನ್ರಿ?"

ವಿದ್ಯಾ ಟಿ.ವಿ. ಹಚ್ಚಿದಳು. ಮೊದಲು ಬಂದದ್ದು ಬಣ್ಣದ ಪಟ್ಟಿಗಳ ಒಂದು ಚಿತ್ರ, ಹಿಂದೆ ವಾದ್ಯಸಂಗೀತ. ಚಿತ್ರ ಅಲ್ಲಾಡಲಿಲ್ಲ. ನಾವು ಕೈಕಟ್ಟಿ ನೋಡಿದೆವು. ಸಂಗೀತ ಮುಗಿದು ಇನ್ನೊಂದು ಸಂಗೀತ ಬಂತು, ಚಿತ್ರ ಅದೇ. ಇದು ಯಾವಾಗ ಅಲ್ಲಾಡುತ್ತದೆಂದು ಪದ್ಮಾವತಿ ಕೇಳಿದಳು. ನಾನು ನಿಯಮವನ್ನು ನೆನಪಿಸಿದೆ. ಅವಳು ಎದ್ದು ಹೋಗಿ ಉಪ್ಪಿಟ್ಟು ಮಾಡಿ, ನಮಗೆ ಕೊಟ್ಟು, ತಟ್ಟೆ ತೊಳೆದು ಬಂದರೂ ಪಟ್ಟಿಗಳು ಇದ್ದಲ್ಲೇ ಇದ್ದವು. ನನಗೇನೂ ಬೇಸರವಾಗಲಿಲ್ಲ. ಚಿತ್ತವಾಡ್ಗಿಗೆ ಮೊದಲ ಟಿ.ವಿ. ಬಂದ ಕಾಲದಲ್ಲಿ ಅಡಚಣೆಗಾಗಿ ಕ್ಷಮೆ ಕೋರುವ ಫಲಕವನ್ನು ನಾವು ಇದಕ್ಕಿಂತ ಹೆಚ್ಚು ಹೊತ್ತು ನೋಡಿದ್ದೇವೆ. ನೋಡಿದ್ದೇವೆ ಎಂದೆನೇ? ನೋಡಿದ್ದಾರೆ ಎನ್ನಬೇಕು. ಗಾಳಿಗೆ ಆಂಟೆನಾ ತಿರುಗಿದಾಗಲೆಲ್ಲ ಮಾಳಿಗೆ ಹತ್ತುವ ಕೆಲಸ ನನ್ನದಾಗಿತ್ತು. "ಬಂತಾ?" ಎಂದು ನಾನು ಮೇಲಿನಿಂದ, "ಬಂತು, ಬಂತು, ಹೋತು" ಎಂದು ಅವರು ಕೆಳಗಿನಿಂದ. ಆ ಕಾಲದ ಎಷ್ಟೋ ಪ್ರಸಿದ್ಧ ಧಾರಾವಾಹಿಗಳು ನನಗೆ ಕಂಠಪಾಠವಿವೆ. ಅವುಗಳ ಪಾತ್ರಧಾರಿಗಳ ಮುಖ ಮಾತ್ರ ಗೊತ್ತಿಲ್ಲ.

ಆಮೇಲೆ ಒಬ್ಬ ಹೆಣ್ಣುಮಗಳು ಬಂದು, ಮುಂದೇನು ಬರಲಿದೆಯೆಂದು ನಗುತ್ತ ಹೇಳಿದಳು. ಕಾರ್ಯಕ್ರಮ ತುಸು ತಡವಾದದ್ದಕ್ಕೆ ಕ್ಷಮೆ ಕೇಳಿದಳು. ಅವಳ ವಿನಯ ನನಗೆ ಹಿಡಿಸಿತು. ಅವಳ ಬೆನ್ನಿಗೆ ಒಬ್ಬ ಮುದುಕ ಗುಲಾಬಿ ಗಿಡಗಳನ್ನು ಕತ್ತರಿಸಿ ತೋರಿಸಿದ. ಗಿಡವೆಷ್ಟು, ಹೂವೆಷ್ಟು! ಪದ್ಮಾವತಿ ಕೊನೆಯವರೆಗೂ ಕಾದು, ಅಷ್ಟರಲ್ಲಿ ಒಂದನ್ನಾದರೂ ಆತ ದೇವರಿಗೆ ಏರಿಸಲಿಲ್ಲವೆಂದು ನೊಂದುಕೊಂಡಳು. ಅದಾದ ಮೇಲೆ ಅಡಿಗೆ. ಒಬ್ಬಾಕೆ ಆಲೂಗಡ್ಡೆ ಬೇಯಿಸಿದಳು, ಬಟಾಣಿ ಬೇಯಿಸಿದಳು, ಎರಡನ್ನೂ ಬಿಳಿಯ ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟು ಕೈ ಒರೆಸಿಕೊಂಡಳು.

"ಒಗ್ಗರಣಿ ಯಾವಾಗ ಹಾಕ್ತಾಳ?" ಎಂದಳು ಪದ್ಮಾವತಿ.

ಕಾರ್ಯಕ್ರಮ ಮುಗಿದೇ ಹೋಯಿತು. ನನ್ನ ಹೆಂಡತಿ ಮತ್ತೆ ನೆಮ್ಮದಿಯಿಂದ ಕೂರಲಿಲ್ಲ. ಮುಂದಿನ ಎಲ್ಲ ಕಾರ್ಯಕ್ರಮಗಳಲ್ಲೂ ಆ ಹೆಂಗಸು ಸಾಸಿವೆ ಡಬ್ಬಿ ಹಿಡಿದು ಓಡಿ ಬರುತ್ತಾಳೇನೋ ಎಂಬಂತೆ ಬಾಗಿಲ ಕಡೆ ನೋಡುತ್ತಿದ್ದಳು.

ಆಮೇಲೆ ಬಂದ ಆಟವನ್ನು ಏನೆಂದು ವರ್ಣಿಸಲಿ? ಕರಿಯ ಜಾಕೀಟು ತೊಟ್ಟ ಇಬ್ಬರು ಹಸಿರು ಮೇಜಿನ ಸುತ್ತ ಸಾವಕಾಶವಾಗಿ ನಡೆದಾಡುತ್ತ, ಆಗಾಗ ಕೋಲಿನಿಂದ ಒಂದು ಚೆಂಡನ್ನು ತಿವಿಯುತ್ತಿದ್ದರು. ಚೆಂಡು ಹೋಗಿ ಇನ್ನೊಂದನ್ನು ಮುಟ್ಟುತ್ತಿತ್ತು. ಆಗ ಜನ ಚಪ್ಪಾಳೆ ತಟ್ಟುತ್ತಿದ್ದರು. ವಿವರಣೆಕಾರ ಪಿಸುದನಿಯಲ್ಲಿ ಮಾತಾಡುತ್ತಿದ್ದುದರಿಂದ, ಒಳಕೋಣೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲವೇ ಎಂದು ಪದ್ಮಾವತಿ ವಿಚಾರಿಸಿದಳು. ಆಟ ನಡೆಯಿತು, ನಡೆಯಿತು, ನಡೆಯುತ್ತಲೇ ಇತ್ತು. ಚನ್ನಬಸಪ್ಪ ಗೊರಕೆ ಹೊಡೆಯತೊಡಗಿದ. ಈ ಸಮಯದಲ್ಲಿ ಹಂಪಿ ಬಂದು ಹೋಗಿಬಿಟ್ಟರೆ ಅವನು ಒಪ್ಪುವುದಿಲ್ಲವೆಂದು ನಾನೇ ತಿವಿದು ಎಬ್ಬಿಸಿದೆ. ಕಣ್ಣು ಬಿಟ್ಟು, ಅದೇ ಮೇಜನ್ನು ಕಂಡು, "ಇನ್ನಾ ಅದ ಐತೇನಲೇ? ಕರೆಂಟಿಲ್ಲದಾಗ ನಮ್ಮ ಗಿರಣಿ ಇದಕ್ಕಿಂತ ಜೋರು ಓಡ್ತೈತಿ," ಎಂದ.

ಆದರೆ ನ್ಯಾಯವಾಗಿ ಹೇಳಬೇಕು: ಕುರಿಗಳ ಕಾರ್ಯಕ್ರಮ ಬಹಳ ಚೆನ್ನಾಗಿತ್ತು. ಹಸಿರು ಗುಡ್ಡದ ಮೇಲೆ ಒಬ್ಬ ಸಿಳ್ಳೆ ಹಾಕಿದರೆ, ಕೆಳಗೆ ಎಲ್ಲೋ ದೂರದಲ್ಲಿ ಒಂದು ನಾಯಿ ಕುರಿಗಳನ್ನು ಸುತ್ತುಗಟ್ಟಿ, ಬೊಗಳದೆ, ಕಚ್ಚದೆ, ಬರೀ ಕಣ್ಣಿನ ಬಿಗಿಯಿಂದ ದೊಡ್ಡಿಗೆ ಸೇರಿಸುತ್ತಿತ್ತು. ಕೊನೆಯ ಕುರಿ ಬಾಗಿಲಲ್ಲಿ ನಿಂತು ಹಿಂದುಮುಂದು ನೋಡುವಾಗ ನಾವು ನಾಲ್ವರೂ ಎದ್ದು ನಿಂತಿದ್ದೆವು. ಅದು ಒಳಗೆ ಹೋದೊಡನೆ ಪಡಸಾಲೆಯಲ್ಲಿ ಚಪ್ಪಾಳೆ.

"ಈ ನಾಯಿನ ನಮ್ಮ ಕೂಟಕ್ಕ ಕಾರ್ಯದರ್ಶಿ ಮಾಡಬೇಕು," ಎಂದ ಚನ್ನಬಸಪ್ಪ. "ಊಟಕ್ಕ ಎಲ್ಲಾರ್ನೂ ಒಂದ ಸಾಲಿಗೆ ಕುಂದ್ರಸ್ತೈತಿ."

ಅಷ್ಟರಲ್ಲಿ ನಮ್ಮಲ್ಲಿ ಕರೆಂಟು ಹೋಯಿತು. ಊಟ ಮಾಡಿದೆವು. ಕರೆಂಟು ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಿದೆವು. ಹವಾಮಾನದವನು ತನ್ನ ದೇಶದ ಭೂಪಟದ ಮೇಲೆ ಕೈಯಾರೆ ಒಂದೊಂದೇ ಮೋಡ ಅಂಟಿಸಿದ. ಅವನು ಬೆನ್ನು ತಿರುಗಿಸಿದಾಗ ಒಂದು ಮೋಡ ಜಾರಿ ಸಮುದ್ರಕ್ಕೆ ಬಿತ್ತು. ವಿನಯದ ಹೆಣ್ಣುಮಗಳು ಬಂದು ಮೋಡದ ಪರವಾಗಿ ಕ್ಷಮೆ ಕೇಳಿದಳು. ಮಕ್ಕಳಿಗೆ ಬಟ್ಟೆಯ ಗೊಂಬೆಗಳು ಕುಣಿದವು. ಚೆಂಡಿನ ಮೇಜು ಮತ್ತೊಮ್ಮೆ ಬಂತು; ನಾವು ಅದನ್ನು ಶಾಂತವಾಗಿ ಸಹಿಸಿದೆವು.

ಪದ್ಮಾವತಿ ದೇವರಿಗೆ ದೀಪ ಹಚ್ಚಿ ಹೊರಗೆ ಬರುವುದಕ್ಕೂ, ಪರದೆಯ ಮೇಲೆ ಹೇಮಕೂಟದ ಬಂಡೆಗಳು ಕಾಣುವುದಕ್ಕೂ ಸರಿಹೋಯಿತು. ತುಂಗಭದ್ರೆ ಬಂದಳು, ಹರಗೋಲೊಂದು ಸುತ್ತುತ್ತ ಹೋಯಿತು, ಬಾಳೆತೋಟದ ನಡುವೆ ಕಾಲುವೆಯ ನೀರು ಹರಿಯಿತು. ಆ ನೀರಿನ ಮೇಲೆ ಒಂದು ಧ್ವನಿ ಎದ್ದಿತು. ಎಳೆಯ, ಸ್ಪಷ್ಟವಾದ, ನಡುನಡುವೆ ಉಸಿರು ತೆಗೆದುಕೊಳ್ಳುವ ಧ್ವನಿ.

"ಅಯ್ಯ, ಇವರದ," ಎಂದಳು ಪದ್ಮಾವತಿ. ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಕೆಳಗಿಡುವುದನ್ನೂ ಮರೆತಳು.

ನಾಲ್ಕು ದಶಕ ನಾನು ಹೇಳಿದ್ದು ಸುಳ್ಳಲ್ಲ. ನನ್ನ ಒಂದೊಂದು ಅಕ್ಷರವೂ ಸಮುದ್ರ ದಾಟಿತ್ತು. ಚನ್ನಬಸಪ್ಪನ ಕಡೆಗೆ ತಿರುಗಿದೆ. ಅವನ ಮುಖ ಬಾಡಿತ್ತು. ಸಂಡೂರಿನಲ್ಲಿ ಅವನು ಎದ್ದು ನಿಂತಾಗ ನಾನು ದೊಡ್ಡ ಮನಸ್ಸಿನಿಂದ ಹೇಗೆ ನಗಬೇಕೆಂಬುದನ್ನೂ ಆ ಕ್ಷಣದಲ್ಲೇ ಯೋಚಿಸಿದೆ.

ನೀರು ಮಾಯವಾಗಿ ಬೇವಿನ ಮರ ಬಂತು. ಮರದ ಕೆಳಗೆ, ತಲೆತುಂಬ ಕೂದಲಿನ, ದಪ್ಪ ಮೀಸೆಯ, ಕಟ್ಟುಮಸ್ತಾದ ಚನ್ನಬಸಪ್ಪ ಪರದೆ ತುಂಬ ಕುಳಿತಿದ್ದ. ಅವನ ದವಡೆ ಅಲ್ಲಾಡುತ್ತಿತ್ತು. ನನ್ನ ಮಾತು ನಿಲ್ಲಲಿಲ್ಲ. ಅದು ಅವನ ಬಾಯಿಂದ ಬರತೊಡಗಿತು. ಈ ನೀರು ರಾಜರನ್ನು ಕಂಡಿದೆ ಎಂದು ಬಜ್ಜಿಯ ತುದಿ ಕಚ್ಚಿದ. ಸೈನ್ಯಗಳನ್ನು ಕಂಡಿದೆ ಎಂದು ಅಗಿದ. ಇಂದು ನನ್ನನ್ನು ಕಾಣುತ್ತಿದೆ ಎಂಬಲ್ಲಿ ಕ್ಯಾಮೆರಾವನ್ನು ನೆಟ್ಟ ನೋಟದಿಂದ ನೋಡುತ್ತ ತೋರುಬೆರಳನ್ನು ನೆಕ್ಕಿದ. ಅದೇ ಹೊತ್ತಿಗೆ ಪರದೆಯ ಅಂಚಿನಲ್ಲಿ ಕಪ್ಪು ಕೋಟಿನ ಉದ್ದನೆಯ ತೋಳೊಂದು ಮೇಲೆದ್ದು, ಕಾಣದ ಎದೆಯೊಂದರ ಕಡೆಗೆ ಹೋಯಿತು. ನಾನಿದ್ದದ್ದು ಅಷ್ಟೇ. ಬ್ರಿಟನ್ನು ನನ್ನ ಮಾವನವರ ತಮ್ಮನಿಗೆ ಹೊಲಿಸಿದ ಭಾಗವನ್ನು ಮಾತ್ರ ಕಂಡಿದೆ.

ಚನ್ನಬಸಪ್ಪ ಹಾರಿ ನಿಂತಿದ್ದ. "ನೋಡಲೇ! ನಾ ಹೇಳಿದ್ದಿಲ್ಲೇನು? ನೋಡ್ರಿ ವೈನಿ, ಹೆಂಗಿದ್ದೆ!"

ಆಗ ಅವನ ಮುಖದ ಕೆಳಗೆ ಇಂಗ್ಲಿಷಿನ ಅಕ್ಷರಗಳು ಮೂಡಿದವು. ಕನ್ನಡಕ ಹುಡುಕುತ್ತ, ಅದೇನೆಂದು ಓದಲು ಅವನು ವಿದ್ಯಾಳಿಗೆ ಹೇಳಿದ. ವಿದ್ಯಾ ಓದಿ, ತುಟಿ ಕಚ್ಚಿಕೊಂಡು, "ಇಲ್ಲಿನ ಒಬ್ಬ ಮೀನುಗಾರ ಅಂತ ಹಾಕ್ಯಾರ್ರಿ, ಕಾಕಾ," ಎಂದಳು.

"ಯಾರು?"

"ನೀವು."

ಅವನು ಕುಳಿತ. ಮೀನು ಹಿಡಿಯುವವರ ಬಗ್ಗೆ ನಮ್ಮಿಬ್ಬರಿಗೂ ಗೌರವವೇ ಇದೆ. ಆದರೆ ಚನ್ನಬಸಪ್ಪ ಹರಗೋಲಿನಲ್ಲಿ ಕಾಲಿಟ್ಟರೆ ತಲೆ ಸುತ್ತಿ ಬೀಳುವವನು. ಆನೆಗೊಂದಿಯ ಮದುವೆಗೆ, ಎದುರು ದಡ ಕಣ್ಣಿಗೆ ಕಾಣುತ್ತಿದ್ದರೂ, ಸೇತುವೆಯಿರುವಲ್ಲಿಗೆ ಸುತ್ತಿಕೊಂಡು ಹೋಗಿ ಊಟ ಮುಗಿದ ಮೇಲೆ ತಲುಪಿದವನು. ಅವನ ತುಟಿಯ ಮೇಲೆ ನನ್ನ ಇಂಗ್ಲಿಷು, ಅವನ ಹೆಸರಿನ ಜಾಗದಲ್ಲಿ ಇನ್ನಾರದೋ ಕಸುಬು. ಅವನಿಗೂ ಅನ್ಯಾಯವಾಗಿದೆಯೆಂದು ನಾನು ಒಪ್ಪಬೇಕಾಯಿತು, ನನಗಾದಷ್ಟಲ್ಲ.

ಕಾಲುವೆಯ ಮೇಲೆ ಸೂರ್ಯ ಮುಳುಗಿ ಕಾರ್ಯಕ್ರಮ ಮುಗಿಯಿತು. ವಿನಯದ ಹೆಣ್ಣುಮಗಳು ಮತ್ತೆ ಬಂದಳು. ಬೆಳಗಿನಿಂದ ತಡಕ್ಕೆ, ಮೋಡಕ್ಕೆ ಕ್ಷಮೆ ಕೇಳುತ್ತ ಬಂದವಳು ಇದಕ್ಕೆ ಮಾತ್ರ ಕೇಳಲಿಲ್ಲ. ನಗುತ್ತ ಹೋದಳು.

ವಿದ್ಯಾ ಟಿ.ವಿ. ನಿಲ್ಲಿಸಿದಳು. ವಾದ ಶುರುವಾಯಿತು. ಮನುಷ್ಯನ ಗುರುತು ಮುಖವೆಂದು ಚನ್ನಬಸಪ್ಪನ ಪಕ್ಷ. ಯಾವ ಗುರುತಿನ ಚೀಟಿಯಲ್ಲೂ ಧ್ವನಿ ಅಂಟಿಸಿರುವುದಿಲ್ಲವಂತೆ. ನಾನು, "ನೀ ಫೋನ್ ಮಾಡಿದಾಗ ನಾ ಮುಖ ನೋಡಿ 'ಬಸಪ್ಪ' ಅಂತೀನೇನು?" ಎಂದು ಕೇಳಿದೆ. ಅವನು ಬೇರೆಯೇ ಏನನ್ನೋ ನೆನಪಿಸಿಕೊಂಡು ನಕ್ಕ.

"ಸಾಲಿ ನಾಟಕದಾಗೂ ಹಿಂಗ ಆಗಿತ್ತಲ್ಲಲೇ, ರಾಘ್ಯಾ. ನಾನು ರಾಜ, ಮಾತು ಒಂದೂ ಬರ್ತಿದ್ದಿಲ್ಲ. ನೀ ಪರದೆ ಹಿಂದ ನಿಂತು ಅಷ್ಟೂ ಹೇಳಿದಿ. ನಾ ಬರೇ ಬಾಯಿ ಅಲ್ಲಾಡ್ಸಿದೆ."

ಹೌದು. ಬಹುಮಾನದ ಹಿತ್ತಾಳೆ ಲೋಟ ಅವನ ಮನೆಗೆ ಹೋಯಿತು. ಅದನ್ನು ನಾನು ಅವನಿಗೆ ತಿಳಿಸಿದೆ.

"ಇಬ್ಬರೂ ಕೂಡಿ ಒಬ್ಬ ಮನುಷ್ಯ ಆಗೀರಿ," ಎಂದಳು ಪದ್ಮಾವತಿ, ಎಣ್ಣೆ ಬಟ್ಟಲನ್ನು ಕೊನೆಗೂ ಕೆಳಗಿಡುತ್ತ. "ಆ ಒಬ್ಬಾಂವನೂ ಯಾರೋ ಮೂರನೇದಾಂವ."

ಚನ್ನಬಸಪ್ಪ ಹೋಗುವ ಮುನ್ನ, ಆ ಭಾಗವನ್ನು ಇನ್ನೊಮ್ಮೆ ಹಾಕೆಂದು ವಿದ್ಯಾಳನ್ನು ಕೇಳಿದ. ತನ್ನ ಮುಖ ನೋಡಲೆಂದು ನಾನು ತಿಳಿದೆ. ಆದರೆ ಅವನು ಕಣ್ಣು ಮುಚ್ಚಿ ಕುಳಿತಿದ್ದ. ಮುಗಿದ ಮೇಲೆ ನನ್ನ ಕಡೆ ನೋಡದೆ, "ಭಾಳ ಛಲೋ ಮಾತಾಡೀಯಲೇ. ಅವತ್ತು ನಾ ಕೇಳೇ ಇದ್ದಿಲ್ಲ, ತಿನ್ನೋದ್ರಾಗಿದ್ದೆ," ಎಂದ. ಚಪ್ಪಲಿ ಮೆಟ್ಟಿಕೊಂಡು ಕಾರು ಹತ್ತಿದ.

ಪದ್ಮಾವತಿ ಅವತ್ತು ಉಸಿರಿನ ಬಗ್ಗೆ ಹೇಳಿದ್ದನ್ನು ಬಿಟ್ಟರೆ, ಆ ಮಾತುಗಳು ಚೆನ್ನಾಗಿದ್ದವೆಂದು ನನಗೆ ಹೇಳಿದವನು ಅವನೊಬ್ಬನೇ. ಅದೂ ಅವನದೇ ಬಾಯಿಂದ ಬಂದ ಮಾತುಗಳು. ಇಂಥ ಇಕ್ಕಟ್ಟಿನಲ್ಲಿ ಸಿಕ್ಕಿದವನು ಕೋಪವನ್ನು ಎಲ್ಲಿಡಬೇಕು? ಚನ್ನಬಸಪ್ಪನ ಮೇಲೆ ಇಡುವಂತಿಲ್ಲ. ಆದ್ದರಿಂದ ಅದನ್ನು ಸಲ್ಲಬೇಕಾದ ವಿಳಾಸಕ್ಕೇ ಕಳಿಸುತ್ತಿದ್ದೇನೆ.

ಬ್ರಿಟನ್ನಿನ ಮಹನೀಯರೇ, ಟೊಪ್ಪಿಗೆಯವರೇ, ಕೆಂಪು ಕೂದಲಿನವರೇ, ಅಳಿಲಿನ ಕೋಲು ಹಿಡಿದ ತಾಯಿಯೇ, ನೀವು ಎಲ್ಲಿದ್ದರೂ ಕೇಳಿಸಿಕೊಳ್ಳಿ. ಬರುವ ವಾರ ಸಂಡೂರಿನಲ್ಲಿ ನಮ್ಮ ಗೆಳೆಯರು ಎಲೆ ಹಾಕಿಸಿ ಕಾಯುತ್ತಾರೆ. ನಿಯಮ ನಿಯಮವೇ, ಯಾರಾದರೊಬ್ಬರು ಎದ್ದು ನಿಂತು ತಪ್ಪೊಪ್ಪಿಕೊಳ್ಳದೆ ಅನ್ನ ಬಡಿಸುವುದಿಲ್ಲ. ಮುಖ ಕೊಟ್ಟವನು ಸುಳ್ಳು ಹೇಳಿಲ್ಲ, ಮಾತು ಕೊಟ್ಟವನೂ ಹೇಳಿಲ್ಲ. ಹಾಗಾದರೆ ಅಂದು ಎದ್ದು ನಿಲ್ಲಬೇಕಾದವರು ನಾನೋ, ಚನ್ನಬಸಪ್ಪನೋ, ಅಥವಾ ನೀವೋ?